ಸರಕಿನ ಗಾಡಿಯಿಂದ ಜನರ ಗಾಡಿಗೆ

ರೈಲುಗಾಡಿ ಬಂದಿತೆಂದರೆ ಎಲ್ಲರ ಕಣ್ಣೂ ಇಂಜಿನ್ನಿನ ಕಡೆಗೆ ಹೋಗುತ್ತದೆ. ಮಕ್ಕಳಂತೂ ಸರಿಯೇ, ದೊಡ್ಡವರೂ ಅಷ್ಟೆ. ಇಂಜಿನ್ ದಾಟಿದ ಮೇಲೆ ನಮ್ಮ ಬೋಗಿ ಎಲ್ಲಿ, ನಮ್ಮ ಸ್ಥಳ ಎಲ್ಲಿ ಎಂಬ ಗಡಿಬಿಡಿ. ಕಟ್ಟಕಡೆಯ ಬೋಗಿಯ ಬಾಗಿಲಲ್ಲಿ ಬಿಳಿಯ ಉಡುಪು ತೊಟ್ಟು, ಕೈಯಲ್ಲಿ ಹಸಿರು ಬಾವುಟ ಹಿಡಿದು ನಿಂತಿರುವವರನ್ನು ಕಣ್ಣೆತ್ತಿ ನೋಡುವವರು ಬಹಳ ಕಡಮೆ. ಆದರೆ ಅವರು ಬಾವುಟ ಬೀಸದೆ ಗಾಡಿ ಕದಲುವುದಿಲ್ಲ. ಅವರು ಆ ಬಾಗಿಲಿಗೆ ಬಂದು ನಿಲ್ಲುವ ಮೊದಲು ಹಲವು ವರ್ಷಗಳ ಕಾಲ ಕಲ್ಲಿದ್ದಲು, ಅದಿರು, ಗೊಬ್ಬರದ ಮೂಟೆಗಳ ಹಿಂದೆ ಒಬ್ಬಂಟಿಯಾಗಿ ಪಯಣಿಸಿರುತ್ತಾರೆ. ಸರಕಿನ ಗಾಡಿಯಿಂದ ಜನರ ಗಾಡಿಗೆ ಅವರು ಹೇಗೆ ಬರುತ್ತಾರೆ, ಬಂದಾಗ ಅವರ ಕೆಲಸದಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ವಾಚಕರ ಮುಂದೆ ಇಡುವುದು ಈ ಬರಹದ ಉದ್ದೇಶ.

ಮೊದಲು ಹೆಸರಿನ ಮಾತು. ನಮ್ಮಲ್ಲಿ ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಟಿಕೆಟ್ ಹರಿದುಕೊಡುವವರು. ರೈಲಿನ ಗಾರ್ಡಿಗೂ ಟಿಕೆಟ್ಟಿಗೂ ಸಂಬಂಧವಿಲ್ಲ. ಟಿಕೆಟ್ ತಪಾಸಣೆಗೆ ಬೇರೆ ನೌಕರರಿದ್ದಾರೆ. ಗಾಡಿಯನ್ನು ಕ್ಷೇಮವಾಗಿ ಊರು ಮುಟ್ಟಿಸುವ ಹೊಣೆ ಗಾರ್ಡಿನದು. ಇಂಜಿನ್ನಿನ ಯಂತ್ರ ಡ್ರೈವರ ಕೈಯಲ್ಲಿದ್ದರೂ ಗಾಡಿ ನಿಲ್ಲುವ, ಹೊರಡುವ ವ್ಯವಹಾರದಲ್ಲಿ ಗಾರ್ಡಿನ ಸೂಚನೆಯನ್ನು ಅವರು ಮನ್ನಿಸಬೇಕು. ೨೦೨೨ರ ಜನವರಿಯಲ್ಲಿ ರೈಲ್ವೆ ಮಂಡಳಿ ಈ ಹುದ್ದೆಯ ಹೆಸರನ್ನು ‘ಟ್ರೈನ್ ಮ್ಯಾನೇಜರ್’ ಎಂದು ಬದಲಾಯಿಸಿತು. ನಮ್ಮ ಹಳೆಯ ಮೈಸೂರಿನ ಮಾತಿನಲ್ಲಿ ಹೇಳುವುದಾದರೆ ಗಾಡಿಯ ಪಾರುಪತ್ಯಗಾರ. ಹೊಸ ಹೆಸರು ಗೌರವದ್ದೇ. ಆದರೂ ಜನರ ಬಾಯಲ್ಲಿ ಗಾರ್ಡ್ ಎಂಬುದೇ ಉಳಿದಿದೆ, ನಾನೂ ಅದನ್ನೇ ಬಳಸುತ್ತೇನೆ. ನಮ್ಮ ಹಳೆಯ ದಂಡಿನ ಮಾತುಗಳಲ್ಲಿ ಮುಂಗಾವಲು, ಹಿಂಗಾವಲು ಎಂಬ ಎರಡು ಪದಗಳಿವೆ. ಗಾರ್ಡಿನದು ಹಿಂಗಾವಲು. ದಂಡಿನ ಬೆನ್ನನ್ನು ಕಾಯುವವನಿಗೆ ಮುಂದಿನ ವೈಭವ ಕಾಣದು. ಹಿಂದಿನ ಅಪಾಯ ಮಾತ್ರ ಅವನ ಪಾಲಿನದು.

ಇನ್ನು ನಮ್ಮ ಕಡೆಯ ದಾರಿಗಳನ್ನು ನೋಡೋಣ. ಅರಸೀಕೆರೆಯಿಂದ ಹಾಸನ, ಮಾವಿನಕೆರೆ, ಹೊಳೆನರಸೀಪುರ, ಕೃಷ್ಣರಾಜನಗರಗಳ ಮೇಲೆ ಮೈಸೂರಿಗೆ ಹೋಗುವ ದಾರಿ ಸಂಸ್ಥಾನದ ಕಾಲದ್ದು. ಆಗ ಅದು ಒಂದು ಮೀಟರ್ ಅಗಲದ ಹಳಿ. ಈಗ ೧೬೭೬ ಮಿಲಿಮೀಟರಿನ ಅಗಲ ಹಳಿ. ಹಾಸನದಿಂದ ಸಕಲೇಶಪುರದ ಘಟ್ಟ ಇಳಿದು ಮಂಗಳೂರಿಗೆ ಹೋಗುವ ದಾರಿ ೧೯೭೯ರಲ್ಲಿ ಪೂರ್ಣವಾಯಿತು. ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ಲುಗಳ ಮೇಲೆ ಬೆಂಗಳೂರಿಗೆ ನೇರವಾಗಿ ಹೋಗುವ ದಾರಿ ಪೂರ್ತಿಯಾಗಿ ತೆರೆದದ್ದು ೨೦೧೭ರ ಮಾರ್ಚಿಯಲ್ಲಿ. ಅದಕ್ಕೆ ಮುಂಚೆ ಚನ್ನರಾಯಪಟ್ಟಣದವರು ರಾಜಧಾನಿಗೆ ಬಸ್ಸನ್ನೇ ನಂಬಿದ್ದರು. ಅರಕಲಗೂಡಿಗೆ ಮಾತ್ರ ರೈಲಿಲ್ಲ. ಅಲ್ಲಿಯ ಹುಡುಗ ರೈಲ್ವೆ ನೌಕರಿಗೆ ಸೇರಬೇಕಾದರೂ ಮೊದಲು ಹಾಸನಕ್ಕೋ ಹೊಳೆನರಸೀಪುರಕ್ಕೋ ಬಸ್ಸಿನಲ್ಲಿ ಬರಬೇಕು. ಇಷ್ಟಾದರೂ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಪದವಿ ಮುಗಿಸಿದ ಮಕ್ಕಳು ರೈಲ್ವೆ ಪರೀಕ್ಷೆಗೆ ಓದುತ್ತಿರುವುದು ಸಾಮಾನ್ಯ. ಆದುದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಸರಕು ಮೊದಲು, ಜನ ಆಮೇಲೆ ಎಂಬ ಕ್ರಮ ನೌಕರರಿಗೆ ಮಾತ್ರ ಇರುವುದಲ್ಲ, ಹಳಿಗೂ ಇದೆ. ಹಾಸನ-ಮಂಗಳೂರು ದಾರಿಯ ಹಳಿಯನ್ನು ಅಗಲ ಮಾಡುವುದಕ್ಕಾಗಿ ಘಟ್ಟದ ಭಾಗವನ್ನು ೧೯೯೬ರಲ್ಲಿ ಮುಚ್ಚಿದರು. ಕೆಲಸ ಮುಗಿದು ೨೦೦೬ರಲ್ಲಿ ಸರಕಿನ ಗಾಡಿಗಳು ಓಡತೊಡಗಿದವು. ಜನರ ಗಾಡಿ ಓಡಿದ್ದು ೨೦೦೭ರ ಡಿಸೆಂಬರಿನಲ್ಲಿ. ನಡುವಿನ ಕಾಲ ವ್ಯರ್ಥವಾದುದೆಂದು ಆಗ ಗೊಣಗಿದವರುಂಟು. ಆದರೆ ಇದಕ್ಕೆ ಕಾರಣವಿದೆ. ೧೯೮೯ರ ರೈಲ್ವೆ ಕಾಯಿದೆಯ ಪ್ರಕಾರ ಯಾವ ಹೊಸ ದಾರಿಯನ್ನೇ ಆಗಲಿ ಪ್ರಯಾಣಿಕರಿಗೆ ತೆರೆಯುವ ಮುನ್ನ ರೈಲ್ವೆ ಸುರಕ್ಷತಾ ಆಯುಕ್ತರು ಅದನ್ನು ಪರೀಕ್ಷಿಸಬೇಕು, ಸರ್ಕಾರದ ಮಂಜೂರಾತಿ ದೊರೆಯಬೇಕು. ಈ ಆಯುಕ್ತರು ರೈಲ್ವೆ ಇಲಾಖೆಯ ಅಧೀನದಲ್ಲಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದಲ್ಲಿದ್ದಾರೆ. ಕೆಲಸ ಮಾಡಿದವರೇ ತಮ್ಮ ಕೆಲಸಕ್ಕೆ ಸೈ ಎನ್ನಬಾರದೆಂಬುದು ಇದರ ತತ್ತ್ವ. ೨೦೨೪ರ ಜುಲೈಯಲ್ಲಿ ಎಡಕುಮೇರಿ-ಕಡಗರವಳ್ಳಿಗಳ ನಡುವೆ ಮಣ್ಣು ಕುಸಿದು ದಾರಿ ನಿಂತಾಗಲೂ ಹೀಗೆಯೇ ಆಯಿತು. ಆಗಸ್ಟಿನಲ್ಲಿ ದಾರಿ ಸರಿಯಾದ ಮೇಲೆ ಮೊದಲು ಓಡಿದ್ದು ಸರಕಿನ ಗಾಡಿ. ಜನರ ಗಾಡಿಗಳು ಆಮೇಲೆ. ಹಳಿಯ ಮೇಲೆ ಭಾರ ಹೇರಿ ನೋಡಿದ ಮೇಲೆ ಮನುಷ್ಯರನ್ನು ಹೇರುವುದು. ಗಾರ್ಡಿನ ವಿಷಯದಲ್ಲೂ ರೈಲ್ವೆ ನಡೆಸುವುದು ಇದೇ ನ್ಯಾಯವನ್ನು.

ಗಾರ್ಡಿನ ಕೆಲಸಕ್ಕೆ ಸೇರುವ ಬಾಗಿಲು ಎರಡು. ಪಾಯಿಂಟ್ಸ್‌ಮನ್ ಮೊದಲಾದ ಕೆಳಗಿನ ಹುದ್ದೆಗಳಲ್ಲಿ ದುಡಿದವರು ಇಲಾಖೆಯೊಳಗಿನ ಪರೀಕ್ಷೆಯಲ್ಲಿ ಆಯ್ಕೆಯಾಗಿ ಬರುವುದು ಒಂದು. ಪದವೀಧರರು ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆ ಬರೆದು ನೇರವಾಗಿ ಬರುವುದು ಇನ್ನೊಂದು. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು. ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಯಾವ ಬಾಗಿಲಿನಿಂದ ಬಂದರೂ ಮೊದಲ ಹುದ್ದೆ ಗೂಡ್ಸ್ ಗಾರ್ಡಿನದೇ. ಆರಂಭದಲ್ಲಿಯೇ ಜನರ ಗಾಡಿಯನ್ನು ಯಾರ ಕೈಗೂ ಕೊಡುವುದಿಲ್ಲ.

ಗೂಡ್ಸ್ ಗಾಡಿಯ ಉದ್ದವನ್ನು ನಾವು ಗೇಟಿನಲ್ಲಿ ನಿಂತು ಬೇಸರದಿಂದ ಎಣಿಸುತ್ತೇವೆ. ಕಲ್ಲಿದ್ದಲು ಸಾಗಿಸುವ ಪೂರ್ಣ ಗಾಡಿಯಲ್ಲಿ ೫೮-೫೯ ವ್ಯಾಗನ್ನುಗಳಿರುತ್ತವೆ. ಉದ್ದ ಸುಮಾರು ೬೫೦ ಮೀಟರ್. ಇಂಜಿನ್ನಿನಲ್ಲಿ ಇಬ್ಬರು, ಕಡೆಯಲ್ಲಿ ಬ್ರೇಕ್‌ವ್ಯಾನ್ ಎಂಬ ಚಿಕ್ಕ ಗೂಡಿನಲ್ಲಿ ಒಬ್ಬರು. ಆ ಒಬ್ಬರೇ ಗಾರ್ಡು. ಬಹುಕಾಲ ಈ ಗೂಡಿನಲ್ಲಿ ದೀಪವಿರಲಿಲ್ಲ, ಶೌಚದ ಏರ್ಪಾಡಿರಲಿಲ್ಲ. ಈಗಲೂ ಎಲ್ಲ ಗಾಡಿಗಳಲ್ಲಿ ಈ ಕೊರತೆ ನೀಗಿಲ್ಲ. ಮುಂದೆ ಇಂಜಿನ್ ಎಳೆದಾಗ ವ್ಯಾಗನ್ನು ವ್ಯಾಗನ್ನಿಗೆ ಜಗ್ಗಿಕೊಂಡು ಬರುವ ಪೆಟ್ಟು ಕೊನೆಗೆ ಬಂದು ಬಡಿಯುವುದು ಇವರ ಬೆನ್ನಿಗೆ. ಮಳೆಗಾಲದ ರಾತ್ರಿ ಯಾವುದೋ ಚಿಕ್ಕ ನಿಲ್ದಾಣದ ಪಕ್ಕದ ಹಳಿಯಲ್ಲಿ ಗಾಡಿ ನಿಂತರೆ, ಎದುರು ಗಾಡಿಗಳೆಲ್ಲ ದಾಟುವವರೆಗೆ ಕಾಯಬೇಕು. ಹಾಸನದಿಂದ ಹೊರಡುವ ದಾರಿಗಳು ಒಂಟಿ ಹಳಿಯವಾದುದರಿಂದ ಈ ಕಾಯುವಿಕೆ ಇನ್ನೂ ಹೆಚ್ಚು. ನೀವು ಹತ್ತಿದ ರೈಲು ಸಕಾಲಕ್ಕೆ ಹೋಗುತ್ತಿದ್ದರೆ, ಪಕ್ಕದ ಹಳಿಯಲ್ಲಿ ಯಾರೋ ಒಬ್ಬರು ಕತ್ತಲಲ್ಲಿ ಕಾಯುತ್ತಿದ್ದಾರೆಂದು ತಿಳಿಯಬಹುದು.

ಕಾಯುವುದಷ್ಟೇ ಅವರ ಕೆಲಸವಲ್ಲ. ಗಾಡಿ ಹೊರಡುವ ಮೊದಲು ಅದರ ಬ್ರೇಕು ಸರಿಯಿದೆಯೆಂಬ ಪ್ರಮಾಣಪತ್ರವನ್ನು ನೋಡಬೇಕು. ಇಂಜಿನ್ನಿನಿಂದ ಕಡೆಯ ವ್ಯಾಗನ್ನಿನವರೆಗೆ ಒಂದು ಕೊಳವೆಯಿದೆ. ಅದರಲ್ಲಿ ಒತ್ತಿದ ಗಾಳಿ ತುಂಬಿರುತ್ತದೆ. ಗಾಳಿಯ ಒತ್ತಡ ಇಳಿದರೆ ಬ್ರೇಕು ಹಿಡಿಯುತ್ತದೆ, ತುಂಬಿದರೆ ಬಿಡುತ್ತದೆ. ಹೀಗೇಕೆ ಮಾಡಿದ್ದಾರೆಂದರೆ, ನಡುವೆ ಎಲ್ಲಿಯಾದರೂ ಗಾಡಿ ಕಳಚಿಕೊಂಡರೆ ಕೊಳವೆ ಬಿಚ್ಚಿ ಗಾಳಿ ಹೊರಬಿದ್ದು ಎರಡು ತುಂಡುಗಳೂ ತಾವಾಗಿಯೇ ನಿಲ್ಲಬೇಕು. ಇಂಜಿನ್ನಿನಲ್ಲಿ ತುಂಬಿದ ಗಾಳಿ ಅರ್ಧ ಕಿಲೋಮೀಟರಿಗೂ ಹಿಂದಿರುವ ಬ್ರೇಕ್‌ವ್ಯಾನನ್ನು ಮುಟ್ಟಿದೆಯೇ ಎಂಬುದನ್ನು ಗಾರ್ಡು ತಮ್ಮ ಮುಂದಿನ ಮಾಪಕದಲ್ಲಿ ನೋಡಿ ಹೇಳಬೇಕು. ಮುಳ್ಳು ಬೇಕಾದ ಅಂಕಕ್ಕೆ ಬಾರದೆ ಹೊರಡಲು ಒಪ್ಪುವಂತಿಲ್ಲ. ಓಟದ ನಡುವೆ ಅಪಾಯ ಕಂಡರೆ ಅವರೇ ಗಾಳಿಯನ್ನು ಹೊರಬಿಟ್ಟು ಗಾಡಿಯನ್ನು ನಿಲ್ಲಿಸಬಲ್ಲರು. ದಾರಿ ಬಳಸಿದಲ್ಲೆಲ್ಲ ಬಾಗಿಲಿಗೆ ಬಂದು ಮುಂದಿನ ವ್ಯಾಗನ್ನುಗಳ ಕಡೆ ಕಣ್ಣು ಹಾಯಿಸುತ್ತಾರೆ. ಅಚ್ಚು ಕಾದು ಹೊಗೆಯಾಡುತ್ತಿದೆಯೇ, ಏನಾದರೂ ನೇತಾಡುತ್ತಿದೆಯೇ ಎಂದು ನೋಡುವುದಕ್ಕಾಗಿ.

ಕಡೆಯ ವ್ಯಾಗನ್ನಿನ ಬೆನ್ನಿಗೆ ‘ಎಲ್. ವಿ.’ ಎಂಬ ಅಕ್ಷರಗಳ ಫಲಕವೊಂದು ತೂಗುತ್ತಿರುವುದನ್ನು ನೀವು ಕಂಡಿರಬಹುದು. ಇದೇ ಕಡೆಯ ವಾಹನ ಎಂದು ಅದರ ಅರ್ಥ. ಜನರ ಗಾಡಿಯ ಕಡೆಯ ಬೋಗಿಯ ಮೇಲೆ ಗುಣಾಕಾರದ ದೊಡ್ಡ ಗುರುತು ಬರೆದಿರುತ್ತದೆ. ರಾತ್ರಿಯಾದರೆ ಕೆಂಪು ದೀಪ. ಗಾಡಿ ದಾಟುವಾಗ ನಿಲ್ದಾಣದವರು ಈ ಗುರುತನ್ನು ನೋಡುತ್ತಾರೆ. ಗುರುತು ಕಾಣದಿದ್ದರೆ ಗಾಡಿಯ ಬಾಲ ಎಲ್ಲಿಯೋ ಹಿಂದೆ ಉಳಿದಿದೆಯೆಂದು ಅರ್ಥ. ಆಗ ಆ ಹಳಿಯ ಮೇಲೆ ಇನ್ನೊಂದು ಗಾಡಿಯನ್ನು ಬಿಡುವುದಿಲ್ಲ. ಅಚ್ಚುಗಳನ್ನು ಎಣಿಸುವ ಯಂತ್ರಗಳು ಈಗ ಅನೇಕ ಕಡೆ ಬಂದಿವೆ. ಆದರೂ ಕಣ್ಣಿನಿಂದ ನೋಡುವ ಪದ್ಧತಿಯನ್ನು ಬಿಟ್ಟಿಲ್ಲ. ಈ ಫಲಕವನ್ನು, ದೀಪವನ್ನು ಸರಿಯಾಗಿಟ್ಟುಕೊಳ್ಳುವ ಹೊಣೆ ಗಾರ್ಡಿನದೇ.

ಇವೆಲ್ಲಕ್ಕಿಂತ ಮುಖ್ಯವಾದ ಕರ್ತವ್ಯ ಇನ್ನೊಂದಿದೆ. ಎರಡು ನಿಲ್ದಾಣಗಳ ನಡುವೆ ಗಾಡಿ ಅಪಘಾತಕ್ಕೆ ಸಿಕ್ಕಿಯೋ ಕೆಟ್ಟೋ ನಿಂತುಬಿಟ್ಟರೆ ಅದರ ಬೆನ್ನನ್ನು ಕಾಯುವುದು. ಗಾರ್ಡಿನ ಚೀಲದಲ್ಲಿ ಡಿಟೋನೇಟರ್ ಎಂಬ ಬಿಲ್ಲೆಗಳಿರುತ್ತವೆ. ಹಳಿಗೆ ಕಟ್ಟಿದರೆ ಗಾಲಿಯ ಕೆಳಗೆ ಪಟಾಕಿಯಂತೆ ಸಿಡಿದು ಡ್ರೈವರನ್ನು ಎಚ್ಚರಿಸುತ್ತವೆ. ಅಗಲ ಹಳಿಯ ಮೇಲೆ ನಿಂತ ಗಾಡಿಯಿಂದ ೬೦೦ ಮೀಟರ್ ಹಿಂದೆ ಒಂದು, ೧೨೦೦ ಮೀಟರ್ ಹಿಂದೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು, ಹೀಗೆ ಕಟ್ಟಿ ಬರಬೇಕೆಂದು ನಿಯಮ. ಹೇಳುವುದಕ್ಕೆ ಸುಲಭ. ಮಳೆಯಲ್ಲಿ, ಕತ್ತಲಲ್ಲಿ, ಜಲ್ಲಿಯ ಮೇಲೆ ಎಡವುತ್ತ, ಹಿಂದಿನಿಂದ ಗಾಡಿ ಬರುವುದೋ ಇಲ್ಲವೋ ತಿಳಿಯದೆ, ಒಂದು ಕಿಲೋಮೀಟರಿಗೂ ಹೆಚ್ಚು ದೂರ ಒಬ್ಬರೇ ನಡೆದು ಹೋಗುವುದು ಎಂತಹ ಕೆಲಸವೆಂದು ವಾಚಕರು ಊಹಿಸಿಕೊಳ್ಳಬೇಕು.

ನಮ್ಮ ಕಡೆಯ ಗಾರ್ಡುಗಳಿಗೆ ಘಟ್ಟವೇ ದೊಡ್ಡ ಪಾಠಶಾಲೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ೫೫ ಕಿಲೋಮೀಟರುಗಳಲ್ಲಿ ೫೭ ಸುರಂಗಗಳಿವೆ. ಇಳಿಜಾರು ೫೦ಕ್ಕೆ ೧. ಎಂದರೆ ೫೦ ಅಡಿ ನಡೆದರೆ ಒಂದು ಅಡಿ ಇಳಿಯುತ್ತದೆ. ಕಾಲ್ನಡಿಗೆಯವರಿಗೆ ಇದು ಇಳಿಜಾರೆಂದೇ ತೋರದು. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ, ಹಿಂದೆ ಸಾವಿರಾರು ಟನ್ ಭಾರ ತಳ್ಳುತ್ತಿರುವಾಗ, ಇದು ಕಡಿದಾದ ಇಳಿತ. ಅದಕ್ಕಾಗಿಯೇ ಅಲ್ಲಿ ಹೆಚ್ಚಿನ ಇಂಜಿನ್ನುಗಳನ್ನು ಜೋಡಿಸುತ್ತಾರೆ, ವೇಗವನ್ನು ಗಂಟೆಗೆ ೩೦ ಕಿಲೋಮೀಟರಿಗೆ ಮಿತಿಗೊಳಿಸಿದ್ದಾರೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು: ಈ ನಿಲ್ದಾಣಗಳ ಸುತ್ತ ಕಾಡಲ್ಲದೆ ಬೇರೇನಿಲ್ಲ. ಯಾವ ತಿರುವಿನಲ್ಲಿ ಬಂಡೆ ಜಾರುತ್ತದೆ, ಯಾವ ಸುರಂಗದ ಬಾಯಲ್ಲಿ ನೀರು ಹರಿಯುತ್ತದೆ ಎಂಬುದು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ದೊರೆಯದು. ಗೂಡ್ಸ್ ಗಾಡಿಯಲ್ಲಿ ಮೆಲ್ಲಗೆ, ಅಲ್ಲಲ್ಲಿ ನಿಲ್ಲುತ್ತ, ಹಗಲೂ ರಾತ್ರಿಯೂ ಹತ್ತಿಳಿದವರಿಗೆ ಅದು ಅಂಗೈ ಗೆರೆಯಂತೆ ತಿಳಿಯುತ್ತದೆ. ಯಾವ ಗಾರ್ಡೇ ಆಗಲಿ ಹೊಸ ದಾರಿಯಲ್ಲಿ ಕೆಲಸ ಮಾಡುವ ಮುನ್ನ ಬಲ್ಲವರ ಜೊತೆಯಲ್ಲಿ ಆ ದಾರಿಯನ್ನು ಕಲಿತು, ಕಲಿತೆನೆಂದು ರುಜು ಹಾಕಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.

ಇನ್ನು ಮನೆಯ ಮಾತು. ಗೂಡ್ಸ್ ಗಾಡಿಗೆ ವೇಳಾಪಟ್ಟಿಯಿಲ್ಲ. ಸರಕು ತುಂಬಿದಾಗ ಗಾಡಿ, ಗಾಡಿ ಸಿದ್ಧವಾದಾಗ ಕರೆ. ಮೊದಲು ವಿಶ್ರಾಂತಿ ಮುಗಿಸಿದವರಿಗೆ ಮೊದಲು ಕರೆ ಬರುತ್ತದೆ. ಅದು ಮಧ್ಯಾಹ್ನದ ಊಟದ ಹೊತ್ತಾಗಬಹುದು, ಬೆಳಗಿನ ಜಾವ ಮೂರು ಗಂಟೆಯಾಗಬಹುದು. ಎಂಟು ಗಂಟೆಗೆ ಮೀರಿ ದುಡಿದು ತಮ್ಮ ಕೇಂದ್ರಕ್ಕೆ ಮರಳಿದವರಿಗೆ ೧೬ ಗಂಟೆ, ಅದಕ್ಕಿಂತ ಕಡಮೆ ದುಡಿದವರಿಗೆ ೧೨ ಗಂಟೆ ವಿಶ್ರಾಂತಿ ಎಂದು ಲೆಕ್ಕವಿದೆ. ಆದರೆ ದೇಹಕ್ಕೆ ಬೇಕಾದುದು ಗಂಟೆಯ ಲೆಕ್ಕವಷ್ಟೇ ಅಲ್ಲ, ನಿಯತವಾದ ರಾತ್ರಿಯೂ ಬೇಕು. ಹಬ್ಬಕ್ಕೆ ಬರುತ್ತೇನೆಂದು ಗೂಡ್ಸ್ ಗಾರ್ಡು ಮನೆಯವರಿಗೆ ಮಾತು ಕೊಡುವಂತಿಲ್ಲ. ಒಬ್ಬಟ್ಟು ತಟ್ಟಿ ಬಾಗಿಲ ಕಡೆ ನೋಡುತ್ತ ಕುಳಿತ ತಾಯಂದಿರು, ಮಡದಿಯರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಪದವಿ ಪಡೆದು, ಪರೀಕ್ಷೆ ಗೆದ್ದು, ಊರಿನವರಿಂದ ಹಾರ ಹಾಕಿಸಿಕೊಂಡು ಹೋದ ಹುಡುಗ ಈ ಕತ್ತಲ ಗೂಡನ್ನು ಕಂಡು ಎದೆಗುಂದುವುದು ಸಹಜ. ಬಿಟ್ಟುಬಿಡಲೇ ಎಂಬ ಪ್ರಶ್ನೆ ಹುಟ್ಟುವುದು ಈ ಘಟ್ಟದಲ್ಲಿ.

ಬಿಡದೆ ನಿಂತವರಿಗೆ ಮೆಟ್ಟಿಲುಗಳು ತೆರೆಯುತ್ತವೆ. ಗೂಡ್ಸ್ ಗಾರ್ಡ್, ಹಿರಿಯ ಗೂಡ್ಸ್ ಗಾರ್ಡ್, ಅನಂತರ ಪ್ಯಾಸೆಂಜರ್ ಗಾರ್ಡ್, ಕಡೆಗೆ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾರ್ಡ್. ಮೇಲಿನ ಹುದ್ದೆ ಖಾಲಿಯಾದಾಗ ಸೇವೆಯ ಹಿರಿತನವನ್ನೂ ಯೋಗ್ಯತೆಯನ್ನೂ ನೋಡಿ ಬಡತಿ ಕೊಡುತ್ತಾರೆ. ಸೇವೆಯಲ್ಲಿ ದೊಡ್ಡ ತಪ್ಪಿಲ್ಲದಿರಬೇಕು, ಕಾಲಕಾಲಕ್ಕೆ ನಡೆಯುವ ಮರುತರಬೇತಿಯನ್ನು ಮುಗಿಸಿರಬೇಕು, ವೈದ್ಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು. ವೈದ್ಯ ಪರೀಕ್ಷೆಯೆಂದರೆ ಒಂದು ಸಲ ಗೆದ್ದು ಮರೆಯುವಂಥದಲ್ಲ. ೪೫ ವರ್ಷ ವಯಸ್ಸಿನವರೆಗೆ ನಾಲ್ಕು ವರ್ಷಕ್ಕೊಮ್ಮೆ, ಅಲ್ಲಿಂದ ೫೫ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣಿಗೆ ಇಲ್ಲಿ ಸ್ಥಳವಿಲ್ಲ. ಪ್ರತಿಸಲವೂ ಕೆಲಸಕ್ಕೆ ಹಾಜರಾಗುವಾಗ ಉಸಿರು ಊದಿ ಮದ್ಯ ಸೇವಿಸಿಲ್ಲವೆಂದು ತೋರಿಸಬೇಕು. ಆಚಾರವಂತರಿಗೂ ಇದರಿಂದ ವಿನಾಯಿತಿ ಇಲ್ಲ.

ಹೀಗೆ ಜನರ ಗಾಡಿಗೆ ಬಂದ ಮೇಲೆ ಬದಲಾಗುವುದೇನು? ಮೊದಲನೆಯದಾಗಿ ಕಾಲ. ಜನರ ಗಾಡಿಗೆ ವೇಳಾಪಟ್ಟಿಯಿದೆ; ಆದುದರಿಂದ ಗಾರ್ಡಿಗೂ ಸರದಿಯ ಪಟ್ಟಿಯಿದೆ. ಯಾವ ದಿನ ಯಾವ ಗಾಡಿ, ಯಾವಾಗ ಮನೆ ಎಂಬುದು ಮುಂಚಿತವಾಗಿ ತಿಳಿಯುತ್ತದೆ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಬಹುದೋ ಇಲ್ಲವೋ ಎಂದು ಖಚಿತವಾಗಿ ಹೇಳಬಹುದು. ಹೊರಗಿನವರಿಗೆ ಸಣ್ಣ ಸಂಗತಿಯಾಗಿ ಕಂಡರೂ ಸಂಸಾರಕ್ಕೆ ಇದೇ ದೊಡ್ಡ ಬಡತಿ.

ಎರಡನೆಯದು ಕ್ಷಣದ ಬೆಲೆ. ಗೂಡ್ಸ್ ಗಾಡಿಯಲ್ಲಿ ಗಂಟೆಗಟ್ಟಲೆ ಕಾದವರು ಇಲ್ಲಿ ನಿಮಿಷಗಳಲ್ಲಿ ಕೆಲಸ ಮುಗಿಸಬೇಕು. ಹೊಳೆನರಸೀಪುರದಂತಹ ನಿಲ್ದಾಣದಲ್ಲಿ ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಇಳಿಯುವವರು ಇಳಿದರೇ, ಹತ್ತುವವರು ಹತ್ತಿದರೇ, ಮುದುಕರಾರಾದರೂ ಮೆಟ್ಟಿಲ ಮೇಲೆ ಉಳಿದರೇ ಎಂದು ಉದ್ದಕ್ಕೂ ನೋಡಬೇಕು. ಪಾರ್ಸೆಲ್ಲುಗಳ ಏರಿಳಿತವನ್ನು ಗಮನಿಸಬೇಕು. ಮುಂದಿನ ಕೈಕಂಬ ಇಳಿದಿದೆಯೇ, ದೀಪ ಹಸಿರಾಗಿದೆಯೇ ಎಂದು ತಿಳಿದು ಬಾವುಟ ಬೀಸಬೇಕು. ವೇಳೆ ಮೀರಿದರೆ ಕೇಳುವವರಿದ್ದಾರೆ. ಅವಸರಪಟ್ಟು ಯಾರಾದರೂ ಬಿದ್ದರೆ ಕೇಳುವವರು ಇನ್ನೂ ಹೆಚ್ಚು.

ಮೂರನೆಯದು ಮನುಷ್ಯರು. ಕಲ್ಲಿದ್ದಲು ಮಾತಾಡುವುದಿಲ್ಲ, ಸರಪಳಿ ಎಳೆಯುವುದಿಲ್ಲ, ಪ್ರಸವವೇದನೆ ಪಡುವುದಿಲ್ಲ, ಮಗುವನ್ನು ಕಳೆದುಕೊಂಡು ಅಳುವುದಿಲ್ಲ. ಜನರ ಗಾಡಿಯಲ್ಲಿ ಇವೆಲ್ಲ ಆಗುತ್ತವೆ. ಹೊಸ ಮಾದರಿಯ ಒಂದು ಮಲಗುವ ಬೋಗಿಯಲ್ಲೇ ೮೦ ಜನಕ್ಕೆ ಸ್ಥಳವಿದೆ. ಇಡೀ ಗಾಡಿಯಲ್ಲಿ ಸಾವಿರಕ್ಕೆ ಮೀರಿದ ಪ್ರಾಣಗಳು. ಯಾರೋ ಸರಪಳಿ ಎಳೆದರೆ ಯಾವ ಬೋಗಿಯೆಂದು ಹುಡುಕಿ, ಸರಿಪಡಿಸಿ, ಗಾಡಿಯನ್ನು ಹೊರಡಿಸುವುದರಲ್ಲಿ ಗಾರ್ಡಿನ ಪಾತ್ರವಿದೆ. ಅಸ್ವಸ್ಥರಿದ್ದರೆ ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಬೆಂಕಿ ಆರಿಸುವ ಸಾಧನವೂ ಅವರ ವಶದಲ್ಲಿರುತ್ತವೆ. ಗಾಡಿ ತಡವಾದರೆ ಕೋಪಗೊಂಡ ಜನರ ಮುಂದೆ ನಿಲ್ಲುವವರೂ ಅವರೇ. ಹಲವು ವರ್ಷ ಒಬ್ಬಂಟಿಯಾಗಿ ಮೌನದಲ್ಲಿ ದುಡಿದವರಿಗೆ ಇದು ಸುಲಭದ ಮಾರ್ಪಾಡಲ್ಲ. ನಿಯಮಪುಸ್ತಕದಲ್ಲಿ ಸಂಕೇತಗಳ ಅಧ್ಯಾಯವಿದೆ, ಬ್ರೇಕಿನ ಅಧ್ಯಾಯವಿದೆ; ಹೆದರಿದ ಅಜ್ಜಿಯೊಬ್ಬರಿಗೆ ಹೇಗೆ ಸಮಾಧಾನ ಹೇಳಬೇಕೆಂಬ ಅಧ್ಯಾಯವಿಲ್ಲ. ಅದನ್ನು ಅವರವರ ಮನೆಯ ಸಂಸ್ಕಾರದಿಂದಲೇ ತರಬೇಕು.

ಬದಲಾಗದೆ ಉಳಿಯುವುದೂ ಒಂದಿದೆ: ಕಡೆಯ ಸ್ಥಾನ. ೨೦೨೪ರ ಜೂನ್ ೧೭ರಂದು ಪಶ್ಚಿಮ ಬಂಗಾಳದ ರಂಗಾಪಾಣಿಯ ಬಳಿ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಸರಕಿನ ಗಾಡಿಯೊಂದು ಬಂದು ಬಡಿಯಿತು. ಸತ್ತವರಲ್ಲಿ ಎಕ್ಸ್‌ಪ್ರೆಸ್ಸಿನ ಗಾರ್ಡೂ ಒಬ್ಬರು, ಸರಕಿನ ಗಾಡಿಯ ಲೋಕೋ ಪೈಲಟ್ ಒಬ್ಬರು. ಹಿಂದಿನಿಂದ ಬರುವ ಪೆಟ್ಟು ಮೊದಲು ಬೀಳುವುದು ಹಿಂಗಾವಲಿನವರ ಮೇಲೆ. ಬಡತಿ ಎಷ್ಟು ದೊರೆತರೂ ಈ ಸತ್ಯದಿಂದ ಬಿಡುಗಡೆಯಿಲ್ಲ.

ಬೇರೆ ದೇಶಗಳಲ್ಲಿ ಹೇಗೆ ಎಂದು ಕೇಳಬಹುದು. ಅಮೆರಿಕದಲ್ಲಿ ಈ ಕೆಲಸದವರನ್ನೇ ಕಂಡಕ್ಟರ್ ಎನ್ನುತ್ತಾರೆ. ಅಲ್ಲಿ ಸರಕಿನ ಗಾಡಿಗಳನ್ನು ಓಡಿಸುವುದು ಖಾಸಗಿ ಕಂಪನಿಗಳು. ದೂರದ ಜನರ ಗಾಡಿಗಳನ್ನು ೧೯೭೧ರಿಂದ ಆಮ್‌ಟ್ರಾಕ್ ಎಂಬ ಸಂಸ್ಥೆ ನಡೆಸುತ್ತಿದೆ. ಆದುದರಿಂದ ಸರಕಿನಿಂದ ಜನರ ಕಡೆಗೆ ಬರುವುದೆಂದರೆ ಅಲ್ಲಿ ಸಾಮಾನ್ಯವಾಗಿ ಧಣಿಯನ್ನೇ ಬದಲಾಯಿಸುವುದು. ಟಿಕೆಟ್ ನೋಡುವ ಕೆಲಸವೂ ಅಲ್ಲಿ ಅವರದೇ. ನಮ್ಮಲ್ಲಿ ಇಲಾಖೆ ಒಂದೇ. ಗೂಡ್ಸಿನಲ್ಲಿ ಸಲ್ಲಿಸಿದ ಸೇವೆಯ ಹಿರಿತನ ಜನರ ಗಾಡಿಗೆ ಬರುವ ಮೆಟ್ಟಿಲಾಗುತ್ತದೆ. ಇದು ನಮ್ಮ ಪದ್ಧತಿಯ ಲಾಭ.

ಆದರೆ ಈ ಏಣಿಯ ಮೊದಲ ಮೆಟ್ಟಿಲು ಭದ್ರವಾಗಿ ಉಳಿಯುವುದೇ ಎಂಬ ಪ್ರಶ್ನೆ ಈಗ ಎದ್ದಿದೆ. ಅಮೆರಿಕದಲ್ಲಿ ಸರಕಿನ ಗಾಡಿಗಳ ಕಡೆಯ ಗೂಡು ೧೯೮೦ರ ದಶಕದಲ್ಲಿ ಬಹುಮಟ್ಟಿಗೆ ಮರೆಯಾಯಿತು. ಅದರ ಸ್ಥಾನಕ್ಕೆ ಕಡೆಯ ವ್ಯಾಗನ್ನಿಗೆ ಸಿಕ್ಕಿಸುವ ಪುಟ್ಟ ಯಂತ್ರವೊಂದು ಬಂದಿತು. ಅದು ಗಾಳಿಯ ಒತ್ತಡವನ್ನು ಅಳೆದು ಇಂಜಿನ್ನಿಗೆ ನಿಸ್ತಂತು ಮೂಲಕ ತಿಳಿಸುತ್ತದೆ. ನಮ್ಮ ರೈಲ್ವೆಯೂ ಇಂತಹ ಯಂತ್ರಗಳನ್ನು ತರಿಸಿ ಪ್ರಯೋಗಿಸುತ್ತಿದೆ. ಯಂತ್ರ ಒತ್ತಡವನ್ನು ಅಳೆಯಬಲ್ಲದು, ಗಾಡಿ ತುಂಡಾದುದನ್ನು ತಿಳಿಸಬಲ್ಲದು. ಹಿಂದಕ್ಕೆ ನಡೆದುಹೋಗಿ ಹಳಿಗೆ ಡಿಟೋನೇಟರ್ ಕಟ್ಟಲಾರದು. ಕತ್ತಲ ಗೂಡಿನಲ್ಲಿ ಮನುಷ್ಯನನ್ನು ಕೂರಿಸದಿರುವುದು ಒಳ್ಳೆಯದೇ ಎಂದು ಒಂದು ಪಕ್ಷ. ಆ ಗೂಡಿನಲ್ಲಿ ಪಳಗದವರ ಕೈಗೆ ಸಾವಿರ ಜನರ ಗಾಡಿಯನ್ನು ಕೊಡುವುದು ಹೇಗೆ ಎಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿದೆ. ಗೂಡ್ಸಿನಲ್ಲಿ ಗಾರ್ಡನ್ನು ತೆಗೆಯುವುದಾದರೆ, ಅಲ್ಲಿ ದೊರೆಯುತ್ತಿದ್ದ ಶಿಕ್ಷಣವನ್ನು ಬೇರೆ ಯಾವ ರೀತಿಯಲ್ಲಿ ಕೊಡುತ್ತೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಕಾಲುವೆ ತೋಡುವ ಮೊದಲು ಕೆರೆ ಎಲ್ಲಿದೆಯೆಂದು ನೋಡಬೇಕಷ್ಟೆ.

ಕಡೆಯದಾಗಿ ಎರಡು ಮಾತು. ಮಕ್ಕಳಿಗೆ ಗೂಡ್ಸ್ ಗಾರ್ಡಿನ ನೇಮಕದ ಪತ್ರ ಬಂದ ಮನೆಯವರಿಗೆ ಒಂದು. ನಿಮ್ಮ ಹುಡುಗ ಅಥವಾ ಹುಡುಗಿ ಮೊದಲ ವರ್ಷ ನೊಂದು ದೂರವಾಣಿ ಮಾಡಿದರೆ, ಬಿಟ್ಟು ಬಾ ಎಂದು ಕೂಡಲೇ ಹೇಳಬೇಡಿ. ಸುಮ್ಮನೆ ಸಹಿಸಿಕೋ ಎಂದೂ ಹೇಳಬೇಡಿ. ನಿದ್ರೆ ದೊರೆಯುತ್ತಿದೆಯೇ, ಬುತ್ತಿಗೆ ಏನು ಮಾಡುತ್ತೀಯೆ, ದಾರಿ ಎಷ್ಟು ಕಲಿತೆ ಎಂದು ಕೇಳಿ. ಕೊರತೆಗಳಿದ್ದರೆ ಮೇಲಿನವರಿಗೆ ಬರೆದು ತಿಳಿಸುವುದು ತಪ್ಪಲ್ಲ. ಈ ವರ್ಷಗಳು ಶಿಕ್ಷೆಯಲ್ಲ, ಶಿಕ್ಷಣ ಎಂದು ತಿಳಿದವರು ಬಹುಮಟ್ಟಿಗೆ ನಿಲ್ಲುತ್ತಾರೆ.

ಇನ್ನೊಂದು ಮಾತು ಪ್ರಯಾಣ ಮಾಡುವ ನಮ್ಮೆಲ್ಲರಿಗೆ. ಸಕಾರಣವಿಲ್ಲದೆ ಸರಪಳಿ ಎಳೆಯುವುದು ಅಪರಾಧ. ಒಂದು ವರ್ಷದವರೆಗೆ ಸೆರೆಮನೆಯೋ ಸಾವಿರ ರೂಪಾಯಿಯವರೆಗೆ ದಂಡವೋ ಎರಡೂ ಒಟ್ಟಿಗೋ ಆಗಬಹುದು. ಶಿಕ್ಷೆಯ ಭಯಕ್ಕಿಂತ ಹೆಚ್ಚಾಗಿ, ನಮ್ಮ ಒಂದು ಎಳೆತದಿಂದ ಒಂಟಿ ಹಳಿಯ ಮೇಲೆ ಸಾವಿರ ಜನ ನಿಲ್ಲುತ್ತಾರೆಂಬುದನ್ನು ನೆನೆಯಬೇಕು. ತುರ್ತಿದ್ದರೆ ೧೩೯ ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ನಿಲ್ದಾಣದಲ್ಲಿ ಗಾಡಿ ನಿಂತಿದ್ದರೆ ಕಡೆಯ ಬೋಗಿಗೆ ಹೋಗಿ ಗಾರ್ಡಿಗೇ ಹೇಳಬಹುದು. ಬಾವುಟ ಬೀಸಿದ ಮೇಲೆ ಓಡಿ ಹತ್ತುವ ಸಾಹಸ ಬೇಡ. ನಮ್ಮನ್ನು ಮನೆ ಸೇರಿಸುವ ಕೆಲಸವನ್ನು ಅವರು ಬಹಳ ವರ್ಷ ಕಾದು, ಕಲಿತು ಪಡೆದಿದ್ದಾರೆ. ಅದನ್ನು ಸುಸೂತ್ರವಾಗಿ ಮಾಡಲು ಬಿಡುವುದು ನಮ್ಮ ಪಾಲಿನ ಕರ್ತವ್ಯ.